ಎರಡು ಪದವಿಗೆ ಒಂದು ಪಿನ್ನು

ಟಾಲ್ವಿ, ಮಿನೆಸೋಟ
ಮೇ 14, ಬುಧವಾರ

ನನ್ನ ಮುದ್ದಿನ ಕೈಸಾ,

ನೀನು ಚೆನ್ನಾಗಿದ್ದೀಯೆ, ಹೊಟ್ಟೆಗೆ ಸರಿಯಾಗಿ ಹಾಕುತ್ತಿದ್ದಾರೆ, ದಿನಾ ಬೆಳಗ್ಗೆ ನಿಮ್ಮನ್ನೆಲ್ಲ ಕಿರುಚಿ ಎಬ್ಬಿಸುವ ಆ ತರಬೇತುದಾರಳ ಗಂಟಲು ಈ ಹೊತ್ತಿಗಾದರೂ ಕಟ್ಟಿಹೋಗಿದೆ ಎಂದು ನಂಬಿ ಬರೆಯುತ್ತಿದ್ದೇನೆ. ನಾವೆಲ್ಲ ಇಲ್ಲಿ ಕ್ಷೇಮ. ಕೆರೆಯ ಮೇಲಿನ ಮಂಜುಗಡ್ಡೆ ಪೂರ್ತಿ ಕರಗಿದೆ. ಶನಿವಾರ ಮೀನು ಹಿಡಿಯುವ ಕಾಲ ಶುರುವಾಯಿತು. ನಿನ್ನ ಅಪ್ಪ ದೋಣಿ ಇಳಿಸಿ, ಎಂಟು ಗಂಟೆ ಚಳಿಯಲ್ಲಿ ಕೂತು, ಬರಿಗೈಯಲ್ಲಿ ಬಂದು "ಪರವಾಗಿಲ್ಲ" ಅಂದ.

ನೀನು ಕರಾವಳಿ ಕಾವಲು ಪಡೆ ಸೇರಿ ಮೂರು ವಾರವಾಯಿತು. ನಿನ್ನ ಎರಡು ಪತ್ರ ಬಂದು ಫ್ರಿಜ್ಜಿನ ಬಾಗಿಲ ಮೇಲೆ ಕೂತಿವೆ. ನಾನು ಮಾತ್ರ ಒಂದು ಸಾಲೂ ಬರೆದಿರಲಿಲ್ಲ. ಫೋನು ಕಿತ್ತುಕೊಂಡಿರುವ ಕಡೆ ಮಗಳನ್ನು ಕಳಿಸಿ ಕಾಗದವನ್ನೂ ಬರೆಯದವಳು ಎಂಥ ತಾಯಿ ಎಂದು ನೀನು ಅಂದುಕೊಂಡಿರಬಹುದು. ಕ್ಷಮಿಸು ಕಂದ. ಒಂದೇ ಹದಿನೈದು ದಿನದಲ್ಲಿ ಎರಡು ಕಡೆಯ ಪರೀಕ್ಷೆ ಬಂತು. ಸಾಮಾನ್ಯ ಜನಕ್ಕೆ ಒಂದು ಕಾಲೇಜು ಇರುತ್ತದೆ, ನಿನ್ನ ಅಮ್ಮನಿಗೆ ಎರಡು. ಊರಿನ ಕಾಲೇಜಿನಲ್ಲಿ ಎರಡು ವರ್ಷದ ನರ್ಸಿಂಗ್ ಅಸೋಸಿಯೇಟ್ ಪದವಿ, ಅದರ ಜೊತೆಜೊತೆಗೇ ಕಂಪ್ಯೂಟರಿನಲ್ಲಿ ವಿಶ್ವವಿದ್ಯಾಲಯದ ಬ್ಯಾಚುಲರ್ ಪದವಿ. ಇಲ್ಲಿಯ ಪಾಸ್‌ವರ್ಡನ್ನು ಅಲ್ಲಿ ಹೊಡೆದು ಎಷ್ಟು ಸಲ ಬಾಗಿಲು ಮುಚ್ಚಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕಾಲೇಜಿನವರು ರೋಗಿಗೆ ಸೂಜಿ ಹೇಗೆ ಚುಚ್ಚಬೇಕು ಎಂದು ಕಲಿಸಿದರೆ, ವಿಶ್ವವಿದ್ಯಾಲಯದವರು ಸೂಜಿ ಕಂಡರೆ ಮನುಷ್ಯ ಯಾಕೆ ಹೆದರುತ್ತಾನೆ ಎಂದು ಎಂಟು ಪುಟ ಬರೆಸುತ್ತಾರೆ. ಮಂಗಳವಾರ ಆಸ್ಪತ್ರೆಯಲ್ಲಿ ನಿಂತು ಕಾಲು ಊದಿಸಿಕೊಂಡವಳು ಭಾನುವಾರ ಮಧ್ಯಾಹ್ನದೊಳಗೆ ಪ್ರಬಂಧ ಒಪ್ಪಿಸಬೇಕು. ನಿನ್ನ ಅಪ್ಪ ಪಾಪ, ಆಲೂಗಡ್ಡೆ ಮತ್ತು ಕೊಚ್ಚಿದ ಮಾಂಸದ ಒಂದೇ ಅಡುಗೆಯನ್ನು ದೊಡ್ಡ ತಟ್ಟೆಯಲ್ಲಿ ಬೇಯಿಸಿ ನಾಲ್ಕು ದಿನ ಉಣ್ಣಿಸಿದ. ಐದನೆಯ ದಿನ ಮತ್ತೆ ಅದನ್ನೇ ಬೇಯಿಸಿದ. ನಾನು ಎರಡು ಸಲ ಬಡಿಸಿಕೊಂಡೆ, ಇನ್ನೇನು ಮಾಡಲಿ.

ಮುಖ್ಯ ಸುದ್ದಿ ಹೇಳಿಬಿಡುತ್ತೇನೆ. ಅಸೋಸಿಯೇಟ್ ಮುಗಿಯಿತು, ಪಾಸಾದೆ! ಬ್ಯಾಚುಲರ್ ಪದವಿಯಲ್ಲಿ ಕೊನೆಯ ಪ್ರಬಂಧ ಸೋಮವಾರ ಕಳಿಸಿದೆ. ಊರಿನ ಮುದುಕರ ಮನೆಗಳಿಗೆ ಹೋಗಿ ನೋಡಿಬರುವ ಮೂರು ವಾರದ ಕೆಲಸ ಒಂದು ಬಾಕಿ ಇದೆ, ಅಷ್ಟೇ. ನಲವತ್ತೇಳನೆಯ ವಯಸ್ಸಿಗೆ, ಇಪ್ಪತ್ತೆರಡು ವರ್ಷ ವೃದ್ಧಾಶ್ರಮದಲ್ಲಿ ಆಯಾ ಕೆಲಸ ಮಾಡಿದ ಮೇಲೆ, ನಿನ್ನ ಅಮ್ಮ ನರ್ಸು. ಇದನ್ನು ಬರೆಯುವಾಗ ನನಗೇ ನಗು ಬರುತ್ತಿದೆ. ಸಂತೋಷದಿಂದ, ಇನ್ನಾವುದರಿಂದಲೂ ಅಲ್ಲ.

ಈಗ ಪಿನ್ನಿನ ಕಥೆ ಹೇಳುತ್ತೇನೆ, ಕೂತು ಓದು. ಅಲ್ಲಿ ಕೂರಲು ಬಿಡುತ್ತಾರೋ ಇಲ್ಲವೋ, ಬಿಡದಿದ್ದರೆ ನಿಂತೇ ಓದು.

ನರ್ಸಿಂಗ್ ಓದಿದವರಿಗೆ ಪದವಿಯ ಕಾಗದಕ್ಕಿಂತ ಎದೆಯ ಮೇಲಿನ ಆ ಪುಟ್ಟ ಬಿಲ್ಲೆಯ ಪಿನ್ನು ದೊಡ್ಡದು. ಅದನ್ನು ಪ್ರಿನ್ಸಿಪಾಲರು ಕೊಡುವುದಲ್ಲ. ನಾವು ಆರಿಸಿಕೊಂಡ ನಮ್ಮವರೊಬ್ಬರು ವೇದಿಕೆಗೆ ಬಂದು ಎಲ್ಲರ ಎದುರು ಚುಚ್ಚಬೇಕು. ನೀನು ಚುಚ್ಚುವುದೆಂದು ಮೊದಲ ವರ್ಷವೇ ಮಾತಾಗಿತ್ತು. ಏಪ್ರಿಲ್‌ನಲ್ಲೇ ಹೊರಡಬೇಕೆಂದು ಫೆಬ್ರವರಿಯಲ್ಲಿ ನಿನಗೆ ಆಜ್ಞೆ ಬಂದಮೇಲೆ ನಾನು ಕೇಳಿದ್ದು ನಿನ್ನ ಮುಮ್ಮುವನ್ನು. ನಿನಗೆ ಅವರು ಅಜ್ಜಿ, ನನಗೆ ಅತ್ತೆ. ಆದರೆ ಈ ಎರಡು ಪದವಿಯ ಮಟ್ಟಿಗೆ ಅವರು ನನ್ನ ಗುರು ಎಂದರೂ ಸಲ್ಲುತ್ತದೆ. ನನ್ನನ್ನು ಇದಕ್ಕೆ ತಳ್ಳಿದವರೇ ಅವರು. ಮೂರು ವರ್ಷದ ಹಿಂದೆ ನಾನು ಬರೀ ಅಸೋಸಿಯೇಟಿಗೆ ಅರ್ಜಿ ತುಂಬುತ್ತಿದ್ದೆ. ಅವರು ಕಾಫಿ ಬಟ್ಟಲು ಕೆಳಗಿಟ್ಟು, "ಎರಡಕ್ಕೂ ಹಾಕು" ಅಂದರು.

"ಅತ್ತೆ, ಒಂದನ್ನ ಮುಗಿಸಿ ಆಮೇಲೆ ಇನ್ನೊಂದು ನೋಡ್ಕೋತೀನಿ."

"ಆ 'ಆಮೇಲೆ' ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಅದ್ರ ಜೊತೆ ಸಂಸಾರ ಮಾಡಿದೀನಿ. ಎರಡೂ ಒಟ್ಟಿಗೇ ಮಾಡು, ಇಲ್ಲ ಸುಮ್ನೆ ಮನೇಲಿರು."

ಈ ಮಾತಿನ ಹಿಂದೆ ಏನಿದೆ ಎಂದು ನಿನಗೆ ಯಾರೂ ಪೂರ್ತಿ ಹೇಳಿಲ್ಲ. ನರ್ಸಾಗಿದ್ದ ಮುಮ್ಮುವಿನ ಹತ್ತಿರ ಇದ್ದದ್ದು ಎರಡು ವರ್ಷದ ಪದವಿ. ಬ್ಯಾಚುಲರ್ ಓದಿಗೆ ಬರುವ ವರ್ಷ ಸೇರುತ್ತೇನೆ, ಬರುವ ವರ್ಷ ಸೇರುತ್ತೇನೆ ಎನ್ನುತ್ತ, ಮೂರು ಮಕ್ಕಳು, ಗಣಿಯಲ್ಲಿ ಮುಷ್ಕರ, ಅವರ ಅತ್ತೆಯ ಕಾಯಿಲೆ, ಹೀಗೆ ಕಾಲ ಹೋಯಿತು. ಆದರೂ ಹತ್ತೊಂಬತ್ತು ವರ್ಷ ಇಡೀ ವಾರ್ಡನ್ನು ಅವರೇ ನಡೆಸಿದರು. ಒಂದು ದಿನ ಆಸ್ಪತ್ರೆಯವರು ಇನ್ನುಮುಂದೆ ವಾರ್ಡಿನ ಮುಖ್ಯಸ್ಥೆಗೆ ಬ್ಯಾಚುಲರ್ ಪದವಿ ಇರಲೇಬೇಕು ಎಂದರು. ಇಪ್ಪತ್ತೊಂಬತ್ತು ವರ್ಷದ ಹುಡುಗಿ ಬಂದು ಆ ಕುರ್ಚಿಯಲ್ಲಿ ಕೂತಳು. ಅವಳಿಗೆ ಕೆಲಸ ಕಲಿಸಿದ್ದು ಮುಮ್ಮುವೇ. ಆಮೇಲೆ ಒಂಬತ್ತು ವರ್ಷ ಅವಳ ಕೈಕೆಳಗೆ ದುಡಿದು ನಿವೃತ್ತರಾದರು, ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ಚೆನ್ನಾಗಿತ್ತು ಎಂದು ನಿನ್ನ ಅಪ್ಪ ಹೇಳುತ್ತಾನೆ.

ಹಾಗಾಗಿ ನನ್ನ ಪಿನ್ನನ್ನು ಅವರೇ ಚುಚ್ಚಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂದು ನಿನಗೆ ಅರ್ಥವಾಗುತ್ತದೆ. ಮಾರ್ಚಿನಲ್ಲಿ ಕಾಲೇಜಿನ ಕಾರ್ ನಿಲ್ದಾಣದಿಂದಲೇ ಫೋನು ಮಾಡಿ ಕೇಳಿದೆ. ಅವರು, "ಅಯ್ಯೋ ನಾನ್ಯಾಕೆ? ನನ್ನ ಮಂಡಿ ಬೇರೆ ಸರಿಯಿಲ್ಲ, ಆ ಮೆಟ್ಟಿಲು ಹತ್ತೋದು ಯಾರು. ಬೇರೆ ಯಾರನ್ನಾದ್ರೂ ಕರಿ, ಸುಮ್ನೆ ನಂಗೋಸ್ಕರ ತೊಂದ್ರೆ ತಗೋಬೇಡ" ಅಂದರು. ನಾನು "ಆಯ್ತು ಅತ್ತೆ" ಎಂದು ಫೋನಿಟ್ಟು ಒಳಗೆ ಓಡಿದೆ, ತರಗತಿಗೆ ಎರಡು ನಿಮಿಷ ಇತ್ತು. ಬೇಜಾರಾಯಿತು. ಮರುದಿನ ನಮ್ಮ ವೃದ್ಧಾಶ್ರಮದ ಯಜಮಾನಿ ವಾಂಡಾಳನ್ನು ಕೇಳಿದೆ. ವಾಂಡಾ ಟೆಕ್ಸಸ್‌ನವಳು. ನಾನು ವಾಕ್ಯ ಮುಗಿಸುವ ಮೊದಲೇ "ಬರ್ತೀನಿ!" ಎಂದು ಕೂಗಿ, ನನ್ನನ್ನು ತಬ್ಬಿ ನೆಲದಿಂದ ಎತ್ತಿಬಿಟ್ಟಳು. ಇಲ್ಲಿಯವರೆಗಿನದು ನಿನಗೆ ಗೊತ್ತು. ಗೊತ್ತಿಲ್ಲದ್ದು ಇನ್ನು ಮುಂದಿನದು.

ನೀನು ಹೊರಟುಹೋದ ವಾರ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು: ನಿಮ್ಮ ಊರಿನ ಜನರ ಯಾವ ಅಭ್ಯಾಸ ಅವರ ಶುಶ್ರೂಷೆಗೆ ಅಡ್ಡಿಯಾಗುತ್ತದೆ? ನಾನು ಬರೆದದ್ದು ನಮ್ಮವರ 'ಬೇಡ'ದ ಬಗ್ಗೆ. ನಮ್ಮ ಕಡೆ ಕೇಕಿನ ಕೊನೆಯ ತುಂಡನ್ನು ಮೊದಲ ಸಲ ಕೇಳಿದಾಗ ತೆಗೆದುಕೊಂಡವನನ್ನು ಊರು ಹತ್ತು ವರ್ಷ ಮರೆಯುವುದಿಲ್ಲವಲ್ಲ. ಮೊದಲನೆಯ 'ಬೇಡ' ಮರ್ಯಾದೆಗೆ, ಎರಡನೆಯದು ಕೇಳಿದವರಿಗೆ ನಿಜವಾಗಿ ಮನಸ್ಸಿದೆಯೇ ಎಂದು ನೋಡುವುದಕ್ಕೆ, ಮೂರನೆಯ ಸಲ ಕೇಳಿದಾಗ ಬರುವುದೇ ಉತ್ತರ. ಆಸ್ಪತ್ರೆಯಲ್ಲಿ ನನ್ನ ಪಾಲಿಗೆ ಬಂದಿದ್ದ ಒಬ್ಬ ಮುದುಕನ ಉದಾಹರಣೆ ಕೊಟ್ಟೆ. (ಹೆಸರು ಹೇಳುವಂತಿಲ್ಲ. ರೋಗಿಗಳ ಗುಟ್ಟು ಬಿಡುವುದಿಲ್ಲ ಎಂದು ಎರಡೂ ಕಡೆ ನನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ, ಬಾಯಿಬಿಟ್ಟರೆ ಎರಡೂ ಕಡೆಯಿಂದ ಓಡಿಸುತ್ತಾರೆ.) ಸೊಂಟ ಮುರಿದುಕೊಂಡು ಬಂದವನು. ನೋವಿದೆಯಾ ಎಂದರೆ "ಅಷ್ಟೇನಿಲ್ಲ" ಅಂದ. ಹಣೆ ಬೆವರಿತ್ತು. ನಾನು ದಿಂಬು ಸರಿಮಾಡಿ ಮತ್ತೆ ಕೇಳಿದೆ. "ನೀವು ಬೇರೆಯವರನ್ನ ನೋಡ್ಕೊಳ್ಳಿ" ಅಂದ. ನೀರು ಕುಡಿಸಿ ಮೂರನೆಯ ಸಲ ಕೇಳಿದೆ. "ಹೇಗೂ ಪಕ್ಕದವನಿಗೆ ಔಷಧಿ ತರ್ತಿದ್ರೆ, ಒಂದು ಸ್ವಲ್ಪ ನಂಗೂ ತಂದ್ರೆ ಬೇಡ ಅನ್ನಲ್ಲ" ಅಂದ. ನೋವು ಹತ್ತಕ್ಕೆ ಎಷ್ಟಿದೆ ಎಂದರೆ, ಒಂಬತ್ತಂತೆ! ಹಾಗಾಗಿ ಈ ಸೀಮೆಯ ನರ್ಸು ಮೊದಲ 'ಬೇಡ'ವನ್ನು ನಂಬಬಾರದು, ಮೂರು ಸಲ ಕೇಳಬೇಕು ಎಂದು ದೊಡ್ಡ ವಿದ್ವಾಂಸಳ ಹಾಗೆ ಮುಗಿಸಿದ್ದೆ.

ಮುಂದಿನ ಗುರುವಾರ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಅಂಕ ಬಂತು. ನೂರಕ್ಕೆ ತೊಂಬತ್ತಾರು. ಪ್ರೊಫೆಸರಮ್ಮ ಕೆಳಗೆ ಬರೆದಿದ್ದರು: ತುಂಬ ಚೆನ್ನಾಗಿದೆ, ನಿಮ್ಮ ಸ್ವಂತ ಬದುಕಿನಿಂದಲೂ ಒಂದು ಉದಾಹರಣೆ ಕೊಡಬೇಕಿತ್ತು, ಅದಕ್ಕೆ ನಾಲ್ಕು ಅಂಕ ಕಡಿತ. ನಾನು ಹಲ್ಲು ಬಿಟ್ಟುಕೊಂಡು ಫೋನು ನೋಡುತ್ತಿರುವಾಗ ಗಲ್ಲಾದಲ್ಲಿ ಕೂತಿದ್ದ ಬೆವರ್ಲಿ, ಮೊಟ್ಟೆ ಬಿಲ್ಲಿಗೆ ಹೊಡೆಯುತ್ತ, "ನಿಮ್ಮತ್ತೆ ಹೇಗಿದಾರೆ ಈಗ?" ಅಂದಳು.

"ಚೆನ್ನಾಗಿದಾರಲ್ಲ, ಏನಾಯ್ತು?"

"ಏನಿಲ್ಲಪ್ಪ. ಫೆಬ್ರವರೀಲೇ ಡುಲೂತ್‌ಗೆ ಹೋಗಿ ನೀಲಿ ಡ್ರೆಸ್ಸು ತಂದ್ರಂತೆ. ಮೇ ತಿಂಗಳಲ್ಲಿ ಒಂದು ಕಡೆ ಹೋಗೋದಿದೆ ಅಂತ ನನ್ನ ತಂಗಿ ಹತ್ರ ಕೂದ್ಲು ಸೆಟ್ ಮಾಡ್ಸೋಕೂ ದಿನ ಗೊತ್ತುಮಾಡಿದ್ರಂತೆ. ಈಗ ಅದೂ ಬೇಡ, ಇದೂ ಬೇಡ, ಡ್ರೆಸ್ಸು ವಾಪಸ್ ಕೊಡ್ತೀನಿ ಅಂತಿದಾರಂತೆ. ನಂಗೇನು, ಕಿವಿಗೆ ಬಿತ್ತು, ಹೇಳ್ದೆ. ಚೀಲ ಬೇಕಾ?"

ಕೈಸಾ, ನಾನು ಅಲ್ಲೇ ನಿಂತುಬಿಟ್ಟೆ. ನಾನು ಕೇಳುವ ಒಂದು ತಿಂಗಳು ಮೊದಲೇ ಅವರು ಡ್ರೆಸ್ಸು ತಂದಿಟ್ಟಿದ್ದರು! ನೀನು ಹೊರಡುವುದು ಗೊತ್ತಾದ ದಿನವೇ ಲೆಕ್ಕ ಹಾಕಿದ್ದಾರೆ, ಇನ್ನು ನನ್ನನ್ನೇ ಕೇಳುತ್ತಾಳೆ ಎಂದು. ಇಡೀ ಊರಿನ ಮುದುಕರಿಗೆ ಮೂರು ಸಲ ಕೇಳಬೇಕು ಎಂದು ಎಂಟು ಪುಟ ಬರೆದ ಮಹಾ ನರ್ಸು, ಸ್ವಂತ ಅತ್ತೆಯನ್ನು ಒಂದು ಸಲ ಕೇಳಿ, ಗಡಿಯಾರ ನೋಡಿಕೊಂಡು ಓಡಿದ್ದೆ. ಆ ನಾಲ್ಕು ಅಂಕ ಹೋದದ್ದು ನ್ಯಾಯವೇ. ಬೆವರ್ಲಿ ಎರಡನೆಯ ಸಲ ಚೀಲ ಬೇಕಾ ಎಂದು ಕೇಳುವವರೆಗೂ ನನಗೆ ಎಚ್ಚರವಿರಲಿಲ್ಲ.

ಮೊಟ್ಟೆಯನ್ನು ಕಾರಿನಲ್ಲೇ ಬಿಟ್ಟು ನೇರ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಏಲಕ್ಕಿ ಬ್ರೆಡ್ಡು ಕೊಟ್ಟರು, ಹವಾಮಾನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ನಾನು, "ಅತ್ತೆ, ಪಿನ್ನು ನೀವೇ ಚುಚ್ಚಿದ್ರೆ ನನಗೆ ಸಂತೋಷ ಆಗುತ್ತೆ" ಅಂದೆ.

"ಆ ಟೆಕ್ಸಸ್‌ನವಳು ಇದಾಳಲ್ಲ. ಒಳ್ಳೆ ಎತ್ತರದ ಹೆಂಗಸು. ಫೋಟೋದಲ್ಲಿ ಚೆನ್ನಾಗಿ ಕಾಣ್ತಾಳೆ."

"ನನಗೆ ಫೋಟೋ ಮುಖ್ಯ ಅಲ್ಲ."

"ಇನ್ನೊಂದು ತುಂಡು ಬ್ರೆಡ್ ತಗೋ."

ಅದು ಎರಡನೆಯ 'ಬೇಡ'. ಈ ಸಲ ನಾನು ಹೆದರಲಿಲ್ಲ, ಬ್ರೆಡ್ಡು ತಿಂದು ಎದ್ದು ಬಂದೆ. ಮೂರನೆಯದನ್ನು ಅಲ್ಲೇ ಕೇಳಿದ್ದರೆ ಕೆಟ್ಟುಹೋಗುತ್ತಿತ್ತು, ನಡುವೆ ಒಂದೆರಡು ದಿನ ಬೇಕು. ಮುಮ್ಮುವಿನ ಜೊತೆ ಸುಳ್ಳು ಹೇಳಲಾಗದ ಜಾಗ ಒಂದೇ, ಸೌನಾ, ಕಾದ ಕಲ್ಲಿಗೆ ನೀರು ಸುರಿದು ಬೆವರುವ ಆ ಮರದ ಆವಿಕೋಣೆ. ಶನಿವಾರ ಸಂಜೆ ಎಂದಿನ ಹಾಗೆ ಗಂಡಸರಿಗಿಂತ ಮೊದಲು ನಾವಿಬ್ಬರು ಒಳಗೆ ಹೋದೆವು. ಎಪ್ಪತ್ತೊಂಬತ್ತರ ಅತ್ತೆ, ನಲವತ್ತೇಳರ ಸೊಸೆ, ಮೈಮೇಲೆ ನೂಲಿಲ್ಲ, ಮರದ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತು ಬೆವರುತ್ತಿದ್ದೆವು.

"ಅತ್ತೆ, ಪಿನ್ನು ನೀವೇ ಚುಚ್ಚಬೇಕು."

"ಕಲ್ಲಿನ ಮೇಲೆ ನೀರು ಹಾಕು."

ಹಾಕಿದೆ. ಆವಿ ಎದ್ದು ಇಬ್ಬರೂ ಉಸಿರು ಹಿಡಿದು ಕೂತೆವು. ಅದು ಇಳಿದ ಮೇಲೆ, "ಅವಳಿಗೆ ಬರಬೇಡ ಅಂತ ಏನ್ ಹೇಳ್ತೀಯ? ಬೇಜಾರ್ ಮಾಡ್ಕೊಳ್ಳಲ್ವಾ?" ಅಂದರು.

"ಅದು ನನ್ನ ಪಾಡು. ನೀವು ನಿಮ್ಮದು ಹೇಳಿ."

ಅವರು ಮುಖದ ಬೆವರು ಒರೆಸಿಕೊಂಡರು. ಆಮೇಲೆ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬಲಗೈ ನಡುಗುತ್ತಿತ್ತು.

"ನೋಡಿಲ್ಲಿ. ಶರತ್ಕಾಲದಿಂದ ಹೀಗೆ. ಕಾಫಿ ಬಟ್ಟಲು ಎರಡು ಕೈಯಲ್ಲಿ ಹಿಡೀತೀನಿ. ನರ್ಸಾಗೋಳು, ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಬಿದ್ದಿತ್ತು."

"ಬಿದ್ದಿದ್ರೂ ಕೇಳಲಿಲ್ವಾ?"

"ಕೇಳಿದ್ರೆ ಏನಿಲ್ಲ ಅಂತಿದ್ರಿ."

"ಅಂತಿದ್ದೆ" ಎಂದು ಒಪ್ಪಿಕೊಂಡರು. "ಇನ್ನೂರು ಜನರ ಎದುರು ಈ ಕೈ ಇಟ್ಕೊಂಡು ನಿಂತ್ಕೊಳ್ಳಲಾ? ಅಷ್ಟು ವರ್ಷ ನರ್ಸಾಗಿದ್ದ ಈ ಔನೆ ಕಂಗಾಸ್‌ಗೆ ಒಂದು ಪಿನ್ನು ಚುಚ್ಚೋಕೂ ಬರಲ್ಲ ಅಂತ ಜನ ನೋಡ್ಬೇಕಾ?"

"ನೋಡ್ಲಿ. ನಡುಗೋ ಕೈಲೇ ಚುಚ್ಚಿ. ನನಗೆ ಬೇಕಾಗಿರೋದು ಅದೇ ಕೈ."

ಹೀಗೆ ನೇರ ಮಾತನ್ನು ನಾನು ಅವರ ಹತ್ತಿರ ಇಪ್ಪತ್ತೊಂದು ವರ್ಷದಲ್ಲಿ ಆಡಿರಲಿಲ್ಲ. ಆಡಿದ ಮೇಲೆ ನನಗೇ ಗಾಬರಿಯಾಗಿ ಇನ್ನಷ್ಟು ನೀರು ಹಾಕಿದೆ. ಅವರು ಬಾಗಿಲು ನೋಡುತ್ತ, "ಸರಿ. ಬೇರೆ ಯಾರೂ ಸಿಗದೇ ಇದ್ರೆ, ನೀನು ಹೇಗೂ ಆ ಕಡೆ ಕಾರ್ ತಗೊಂಡು ಹೋಗ್ತಿದ್ರೆ, ಬರ್ತೀನಿ" ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ 'ಹೂಂ' ಇಲ್ಲ. ನಾನು ಅಳುತ್ತಿದ್ದೆ, ಬೆವರಿನಲ್ಲಿ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ.

ಸೋಮವಾರ ವಾಂಡಾಳ ಕೋಣೆಯ ಬಾಗಿಲ ತನಕ ಹೋಗಿ ಎರಡು ಸಲ ಹಿಂದೆ ಬಂದೆ. ಕರೆದವರನ್ನು ಬರಬೇಡಿ ಎನ್ನುವುದು ಇದೆಯಲ್ಲ, ಅದಕ್ಕೆ ನಮ್ಮಲ್ಲಿ ಪದಗಳೇ ಇಲ್ಲ. ಮಳೆ, ರಸ್ತೆ, ಅವಳ ನಾಯಿ, ಎಲ್ಲದರ ಬಗ್ಗೆ ಮಾತಾಡಿದೆ. ಕೊನೆಗೆ ಅವಳೇ, "ಲೋರ್ನಾ, ಯಾರಾದ್ರೂ ಸತ್ತರಾ?" ಅಂದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅವಳು ಮೇಜು ಬಡಿದು ನಕ್ಕಳು.

"ಅಲ್ವೇ, ಆಸೆ ಇದ್ರೆ ಆಯಮ್ಮ ಮಾರ್ಚಿನಲ್ಲೇ 'ಹೂಂ' ಅನ್ನಬಹುದಿತ್ತಲ್ಲ?"

"ಅಂದಿದ್ರು. ನನಗೆ ಕೇಳಿಸಲಿಲ್ಲ ಅಷ್ಟೇ."

"ದೇವ್ರೇ! ಹದಿನಾಲ್ಕು ವರ್ಷ ಆಯ್ತು ನಾನು ಈ ಊರಿಗೆ ಬಂದು. ನೀವು ಜನ ಒಂದು 'ಹೂಂ' ಅನ್ನೋಕೆ ಎರಡು ತಿಂಗಳು ತಗೋತೀರ. ಹೋಗು, ಹೋಗು. ನಾನು ಕೂತ್ಕೊಂಡು ಕೂಗ್ತೀನಿ. ಕೂಗೋಕೆ ನಿಮ್ಮವರು ಯಾರಿಗೂ ಬರಲ್ಲ, ಅದಕ್ಕಾದ್ರೂ ಒಬ್ಬರು ಬೇಕು."

ಅಂತೂ ಶುಕ್ರವಾರ ಸಮಾರಂಭ ಆಯಿತು. ಕಾಲೇಜಿನ ವ್ಯಾಯಾಮಶಾಲೆ, ಮಡಚುವ ಕುರ್ಚಿಗಳು, ನಾವು ಮೂವತ್ತೊಂದು ಜನ. ಮುಮ್ಮು ನೀಲಿ ಡ್ರೆಸ್ಸಿನಲ್ಲಿ, ಕೂದಲು ಸೆಟ್ ಮಾಡಿಸಿಕೊಂಡು, ಒಂದು ಗಂಟೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ನಿನ್ನ ಅಪ್ಪ ಕೋಟು ಹಾಕಿದ್ದ, ಹೌದು, ನಮ್ಮ ಮದುವೆಯ ಅದೇ ಕೋಟು. ನನ್ನ ಹೆಸರು ಕರೆದಾಗ ಮೇಷ್ಟ್ರು, "ಲೋರ್ನಾ ಕಂಗಾಸ್, ಬ್ಯಾಚುಲರ್ ಪದವಿಯನ್ನೂ ಇದರ ಜೊತೆಗೇ ಮುಗಿಸುತ್ತಿದ್ದಾರೆ" ಎಂದು ಸೇರಿಸಿದರು. ಮುಮ್ಮು ನನ್ನ ತೋಳು ಹಿಡಿದು ಮೂರು ಮೆಟ್ಟಿಲು ಹತ್ತಿದರು. ಪಿನ್ನು ಕೈಗೆ ತೆಗೆದುಕೊಂಡರು. ಕೈ ನಡುಗತೊಡಗಿತು. ಒಂದು ಸಲ ಬಟ್ಟೆಯಿಂದ ಜಾರಿತು, ಎರಡನೆಯ ಸಲವೂ ಜಾರಿತು. ನಾನು ಸಹಾಯಕ್ಕೆ ಕೈ ಎತ್ತಿದೆ.

"ಕೈ ಕೆಳಗಿಳಿಸು. ಸುಮ್ನೆ ನಿಂತ್ಕೋ" ಎಂದು ಪಿಸುಗುಟ್ಟಿ, ತುಟಿ ಬಿಗಿಹಿಡಿದು ಚುಚ್ಚಿದರು ನೋಡು, ಬಟ್ಟೆಯನ್ನೂ ದಾಟಿ ಸೀದಾ ಚರ್ಮಕ್ಕೆ! ನಾನು "ಅಮ್ಮಾ!" ಎಂದೆ. ಪಕ್ಕದಲ್ಲೇ ಮೈಕು.

"ನಲವತ್ತೊಂದು ವರ್ಷ ಸೂಜಿ ಚುಚ್ಚಿದೀನಿ, ಒಬ್ರೂ ಹೀಗೆ ಅರಚಿಕೊಂಡಿರಲಿಲ್ಲ" ಎಂದು ಮುಮ್ಮು ಅಂದದ್ದೂ ಮೈಕಿನಲ್ಲೇ ಬಂತು. ವ್ಯಾಯಾಮಶಾಲೆಯ ಸೂರು ಹಾರುವ ಹಾಗೆ ಜನ ನಕ್ಕರು. ಹಿಂದಿನಿಂದ ವಾಂಡಾ ದನ ಅಟ್ಟುವವರ ಹಾಗೆ ಕೂಗಿದಳು. ಮುಮ್ಮು ಪಿನ್ನು ನೇರವಾಗಿದೆಯೇ ಎಂದು ತಲೆ ಓರೆ ಮಾಡಿ ನೋಡಿದರು. ಆಮೇಲೆ ನನ್ನ ಕೆನ್ನೆಯ ಮೇಲೆ ಕೈಯಿಟ್ಟು, ನನಗೊಬ್ಬಳಿಗೇ ಕೇಳುವ ಹಾಗೆ, "ಇನ್ನು ನಿನ್ನನ್ನ ಯಾವ ಕುರ್ಚಿಯಿಂದಲೂ ಯಾರೂ ಎಬ್ಬಿಸೋಕಾಗಲ್ಲ" ಅಂದರು. ಅವರ ಕಣ್ಣು ತುಂಬಿತ್ತು. ನಾನಂತೂ ಅಲ್ಲೇ, ಎಲ್ಲರ ಮುಂದೆ, ಮೂಗು ಒರೆಸಿಕೊಂಡು ಅತ್ತುಬಿಟ್ಟೆ. ಎಷ್ಟು ಹಗುರವಾಯಿತು ಎಂದರೆ ಮೆಟ್ಟಿಲು ಇಳಿಯುವಾಗ ಯಾರು ಯಾರನ್ನು ಹಿಡಿದಿದ್ದೆವೋ ಗೊತ್ತಿಲ್ಲ.

ಊಟದ ಹೊತ್ತಿಗೆ ವಾಂಡಾ ನನ್ನನ್ನು ಪಕ್ಕಕ್ಕೆ ಕರೆದು, ಜುಲೈನಲ್ಲಿ ನರ್ಸುಗಳ ಪರವಾನಗಿಗೆ ರಾಜ್ಯದವರು ನಡೆಸುವ ಪರೀಕ್ಷೆ ಪಾಸು ಮಾಡಿದರೆ ಆಶ್ರಮದ ಪೂರ್ವ ವಿಭಾಗ ಪೂರ್ತಿ ನನ್ನ ಕೈಗೆ ಎಂದಳು. ಅದಕ್ಕೆ ಬ್ಯಾಚುಲರ್ ಪದವಿಯವರೇ ಬೇಕಂತೆ. ನಾನು ತಕ್ಷಣ, "ಅಯ್ಯೋ, ನನಗ್ಯಾಕೆ ಅಷ್ಟೆಲ್ಲ, ಬೇರೆ ಯಾರಾದ್ರೂ..." ಎಂದು ಶುರು ಮಾಡಿದೆ. ಹಿಂದಿನಿಂದ ಮುಮ್ಮು ಬೆನ್ನಿಗೆ ತಿವಿದು, "ಅವಳು ಟೆಕ್ಸಸ್‌ನವಳು, ಒಂದೇ ಸಲ ಕೇಳೋದು!" ಅಂದರು. ನಾನು ಹೂಂ ಅಂದೆ. ಕಾರಿನಲ್ಲಿ ಬರುವಾಗ ನಿನ್ನ ಅಪ್ಪ ಹತ್ತು ಮೈಲಿ ಸುಮ್ಮನಿದ್ದು, "ಅಷ್ಟೇನೂ ಕೆಟ್ಟದಾಗಿರಲಿಲ್ಲ" ಅಂದ. ನಮ್ಮ ಮದುವೆಯ ದಿನವೂ ಇಷ್ಟು ಹೊಗಳಿರಲಿಲ್ಲ.

ಮುಮ್ಮುವಿನ ಕೈ ತೋರಿಸಲು ಬರುವ ಮಂಗಳವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಮೂರು ಸಲ ಕೇಳಿ ಒಪ್ಪಿಸಿದ್ದೇನೆ, ಈಗ ನನಗೆ ಅದರ ಅಭ್ಯಾಸವಾಗಿದೆ. ನೀನು ಚಿಂತೆ ಮಾಡಬೇಡ. ಕಾಲಿಗೆ ಗುಳ್ಳೆ ಎದ್ದಿದ್ದರೆ ಒಡೆಯಬೇಡ, ತಾನೇ ಆರಲಿ. ಇದು ನಿನ್ನ ಅಮ್ಮ ಹೇಳುವುದಲ್ಲ, ನರ್ಸು ಹೇಳುವುದು. ನೀರು ಕುಡಿ. ಆ ಕಿರುಚುವವಳ ಎದುರು ತಲೆ ತಗ್ಗಿಸಬೇಡ, ಎದುರು ಮಾತೂ ಆಡಬೇಡ. ಸಮುದ್ರ ನಿನ್ನನ್ನು ಕಾಯಲಿ, ನೀನು ಅದರ ದಂಡೆಯನ್ನು ಕಾಯುವ ಹಾಗೆ. ನೂರು ಕಾಲ ನಗುತ್ತಿರು.

ನಿನ್ನ ಪ್ರೀತಿಯ
ಅಮ್ಮ

(ಲೋರ್ನಾ ಕಂಗಾಸ್, ನರ್ಸು. ಒಂದು ಸಲ ಬರೆದು ನೋಡಿದೆ, ಅಷ್ಟೇ.)

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಫೆಬ್ರವರಿಯಲ್ಲಿ ಒಂದು ಸಂಜೆ ನೀನು ತಟ್ಟೆ ಒರೆಸುತ್ತ, "ಅಮ್ಮ, ಹೊರಡೋ ದಿನಾನ ಒಂದು ತಿಂಗಳು ಮುಂದಕ್ಕೆ ಹಾಕ್ಸಲಾ? ಕೇಳಿದ್ರೆ ಕೊಡ್ತಾರಂತೆ, ನಿನ್ನ ಪಿನ್ನಿಗೆ ಇರಬಹುದು" ಅಂದೆ. ನಾನು ಸೋಪಿನ ನೀರಿನಲ್ಲಿ ಕೈ ಇಟ್ಟುಕೊಂಡೇ, "ಛೆ, ಬೇಡ, ಒಂದು ಪಿನ್ನಿಗೋಸ್ಕರ ಯಾರಾದ್ರೂ ಹಾಗೆ ಮಾಡ್ತಾರಾ" ಅಂದೆ. ನೀನು "ಸರಿ" ಅಂದು ತಟ್ಟೆಯನ್ನು ಕಪಾಟಿನಲ್ಲಿಟ್ಟು ಮೇಲೆ ಹೋದೆ. ನಾನು ಆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದೆ, ನೀನು ಕೆಳಗೆ ಬಂದು ಇನ್ನೊಂದು ಸಲ ಕೇಳುತ್ತೀಯೇನೋ ಎಂದು. ತಪ್ಪು ನಿನ್ನದಲ್ಲ, ನಾನು ಅಂದದ್ದನ್ನು ನೀನು ನಂಬಿದೆ. ಆದರೂ ಎರಡು ತಿಂಗಳು ನನಗೆ ನಿನ್ನ ಮೇಲೆ ಕೋಪವಿತ್ತು, ಬಸ್ ನಿಲ್ದಾಣದಲ್ಲಿ ತಬ್ಬಿಕೊಂಡಾಗಲೂ ಇತ್ತು. ವೇದಿಕೆಯ ಮೇಲೆ ಎಲ್ಲರೂ ನಗುತ್ತಿರುವಾಗಲೂ ನಾನು ಒಂದು ಸಲ ಬಾಗಿಲ ಕಡೆ ನೋಡಿದೆ.

ವಿಶ್ವವಿದ್ಯಾಲಯದ ಪದವಿ ಸಮಾರಂಭ ಜೂನ್ ಹದಿನೈದು, ಭಾನುವಾರ, ಮಧ್ಯಾಹ್ನ ಎರಡಕ್ಕೆ. ನಿನ್ನ ತರಬೇತಿ ಹದಿಮೂರಕ್ಕೆ ಮುಗಿಯುತ್ತದೆ, ಐದು ದಿನ ರಜೆ ಇದೆ, ಗೆಳತಿಯರ ಜೊತೆ ಅಲ್ಲೇ ಸಮುದ್ರ ತೀರದಲ್ಲಿ ಕಳೆಯುತ್ತೇನೆ ಎಂದು ಬರೆದಿದ್ದೀಯೆ. ಹೋಗಬೇಡ. ಮನೆಗೆ ಬಾ. ನನಗೆ ನೀನು ಬೇಕು.

ಲಕೋಟೆ ಅಂಟಿಸಿ ಈಗಲೇ ನಿನ್ನ ಅಪ್ಪನ ಕೈಯಲ್ಲಿ ಅಂಚೆಗೆ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಇಟ್ಟುಕೊಂಡರೆ ಈ ಕೊನೆಯ ನಾಲ್ಕು ಸಾಲು ಹೊಡೆದುಹಾಕಿಬಿಡುತ್ತೇನೆ.